ನಾಲಿಗೆ ಹೇಳಿದ ಹಳ್ಳ, ಕನ್ನಡಿ ತೋರಿಸಿದ ತೂತು

ಎಲ್ಲರಿಗೂ ನಮಸ್ಕಾರ. ಹಲ್ಲಿನ ಕಥೆಯಿಂದ ಶುರು ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕೆಲವು ತಿಂಗಳ ಹಿಂದೆ ನನ್ನ ದವಡೆ ಹಲ್ಲಿನ ಒಂದು ಚೂರು ಮುರಿದು ಬಿತ್ತು. ನಾಲಿಗೆ ಸುಮ್ಮನಿರುತ್ತದೆಯೇ? ದಿನವಿಡೀ ಅಲ್ಲೇ ಹೋಗಿ ತಡಕುತ್ತಿತ್ತು. ಅದರ ಲೆಕ್ಕದಲ್ಲಿ ಅಲ್ಲೊಂದು ದೊಡ್ಡ ಹಳ್ಳವೇ ಬಿದ್ದಿತ್ತು, ಅರ್ಧ ಹಲ್ಲು ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ. ಸಂಜೆ ಕನ್ನಡಿ ಮುಂದೆ ಬಾಯಿ ತೆರೆದು, ಫೋನಿನ ಟಾರ್ಚ್ ಹಾಕಿ ನೋಡಿದರೆ ಸಾಸಿವೆ ಕಾಳಿನಷ್ಟು ತೂತು! ಬಾಯಿ ಮುಚ್ಚಿ ನಾಲಿಗೆ ಆಡಿಸಿದೆ. ಮತ್ತೆ ಹಳ್ಳ. ಕಣ್ಣಾರೆ ನೋಡಿದ ಮೇಲೂ ನಾಲಿಗೆ ಹಠ ಬಿಡಲಿಲ್ಲ.

ಇಲ್ಲಿ ಯಾರ ಮಾತು ನಂಬಬೇಕು? ನಾವೆಲ್ಲ ಸಾಮಾನ್ಯವಾಗಿ ಕಣ್ಣಿನ ಕಡೆ ವಾಲುತ್ತೇವೆ, ಅಲ್ವಾ. ಆದರೆ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂತ ನಮ್ಮ ಗಾದೆಯೇ ಕಣ್ಣಿನ ಮೇಲೂ ಅನುಮಾನ ಪಡುತ್ತದೆ. ಆ ಗಾದೆ ಕಟ್ಟಿದವರು ಚಾಲಾಕಿಗಳು.

ನಾಲಿಗೆಯ ತಪ್ಪಂತೂ ಏನಿಲ್ಲ. ಅದು ತನ್ನ ಅಳತೆಗೋಲಿನಲ್ಲಿ ಅಳೆಯಿತು, ಅಷ್ಟೇ. ಜರ್ಮನಿಯ ಎರ್ನ್ಸ್ಟ್ ವೆಬರ್ ಎಂಬ ವೈದ್ಯ ಕೈವಾರದ ಎರಡು ಮೊನೆಗಳನ್ನು ಜನರ ಮೈಮೇಲೆ ಅಲ್ಲಲ್ಲಿ ಒತ್ತಿ, ಒಂದು ಮೊನೆಯೋ ಎರಡೋ ಅಂತ ಕೇಳಿ, ಬಂದದ್ದನ್ನೆಲ್ಲ 1834ರಲ್ಲಿ ಬರೆದಿಟ್ಟ. ನಾಲಿಗೆಯ ತುದಿಯಲ್ಲಿ ಎರಡು ಮೊನೆಗಳ ನಡುವೆ ಸುಮಾರು 1 ಮಿಲಿಮೀಟರ್ ಇದ್ದರೂ ಸಾಕು, ಎರಡು ಅಂತ ಗೊತ್ತಾಗುತ್ತದೆ. ಬೆನ್ನಿನ ಮೇಲೆ ಹತ್ತಿರ ಹತ್ತಿರ 4 ಸೆಂಟಿಮೀಟರ್ ಬೇಕು. ಒಂದೇ ಮೈ, ಆದರೆ ಜಾಗಕ್ಕೊಂದು ಸ್ಕೇಲು. ಬೆನ್ನಿಗೆ ಏನೂ ಅಲ್ಲದ್ದು ನಾಲಿಗೆಗೆ ಹಳ್ಳ.

ಸರಿ, ಕಣ್ಣಿಗೆ ಬರೋಣ. ಎಲ್ಲರೂ ಎರಡೂ ಕೈ ಮುಂದಕ್ಕೆ ಚಾಚಿ. ಹೆಬ್ಬೆರಳುಗಳು ಮೇಲಕ್ಕೆ, ಒಂದಕ್ಕೊಂದು ತಾಗಿಕೊಂಡಿರಲಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳಿನ ಉಗುರನ್ನೇ ದಿಟ್ಟಿಸಿ, ಏನೇ ಆಗಲಿ ಅಲ್ಲಿಂದ ದೃಷ್ಟಿ ಕೀಳಬೇಡಿ. ಈಗ ಬಲಗೈಯನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತಾ ಹೋಗಿ. ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ದೂರಕ್ಕೆ ಹೋದಾಗ... ಹಾಂ, ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವರಿಗೆ ಸಿಕ್ಕಿತು. ಬಲ ಹೆಬ್ಬೆರಳಿನ ತುದಿ ಮಾಯ! ಸಿಗದವರು ಮನೆಗೆ ಹೋಗಿ ನಿಧಾನವಾಗಿ ಮಾಡಿ. ಮಾಯವಾಗುವ ಬೆರಳನ್ನು ನೋಡಿಬಿಡುವ ಆಸೆಗೆ ಕಣ್ಣು ಆ ಕಡೆ ಓಡುತ್ತದೆ, ಎಲ್ಲರೂ ಎಡವುವುದು ಅಲ್ಲೇ.

ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ಹಿಂಬದಿಯ ಪರದೆಯಲ್ಲಿ ಇರುತ್ತವೆ. ಆ ಪರದೆಯ ನರದ ಎಳೆಗಳೆಲ್ಲ ಒಂದು ಕಡೆ ಸೇರಿ, ಕಟ್ಟಾಗಿ ಮಿದುಳಿನ ಕಡೆ ಹೊರಡಬೇಕು. ಅವು ಹೊರಹೋಗುವ ಬಾಗಿಲಲ್ಲಿ ಬೆಳಕು ಹಿಡಿಯುವ ಕೋಶಗಳಿಗೆ ಜಾಗವಿಲ್ಲ. ಹಾಗಾಗಿ ಅಲ್ಲಿ ನಾವು ಕುರುಡರು. ಇದನ್ನು ಕಂಡುಹಿಡಿದದ್ದು ಫ್ರಾನ್ಸಿನ ಎಡ್ಮ್ ಮಾರಿಯೊಟ್, 1660ರ ದಶಕದಲ್ಲಿ. ಅಂದರೆ ಅಲ್ಲಿಯವರೆಗೆ ಬದುಕಿ ಹೋದ ಅಷ್ಟೂ ಜನ, ಚಿತ್ರ ಬರೆದವರು, ಬೇಟೆಯಾಡಿದವರು, ನಕ್ಷತ್ರ ಎಣಿಸಿದವರು, ಪ್ರತಿ ಕಣ್ಣಲ್ಲೂ ಒಂದೊಂದು ತೂತು ಇಟ್ಟುಕೊಂಡೇ ಓಡಾಡಿದರು, ಒಬ್ಬರಿಗೂ ಅದು ಕಾಣಲಿಲ್ಲ.

ನನಗೆ ಆಶ್ಚರ್ಯ ಆಗುವುದು ಬೆರಳು ಮಾಯವಾಗುವುದಕ್ಕಲ್ಲ. ಅದು ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಯಾಕೆ ಕಾಣುವುದಿಲ್ಲ? ಇನ್ನೊಮ್ಮೆ ನೋಡಿ. ಬೆರಳು ಇದ್ದ ಕಡೆ ಹಿಂದಿನ ಗೋಡೆ ಕಾಣುತ್ತದೆ. ಆ ಗೋಡೆಯನ್ನು ಕಣ್ಣು ಕಂಡಿಲ್ಲ. ಸುತ್ತ ಗೋಡೆ ಇದೆ, ಇಲ್ಲೂ ಗೋಡೆಯೇ ಇರಬೇಕು ಅಂತ ಮಿದುಳು ತಾನೇ ತೇಪೆ ಹಾಕಿದೆ. ಹಾಕಿದ್ದು ಒಂದು ಊಹೆ, ತೋರಿಸಿದ್ದು ಮಾತ್ರ ನೋಡಿದ ಹಾಗೆ. ಈ ಸಲ ಊಹೆ ತಪ್ಪು, ಅಲ್ಲಿ ನಿಮ್ಮದೇ ಬೆರಳಿದೆ.

ಇದು ಅಪರೂಪದ ಪ್ರಸಂಗ ಅಂದುಕೊಳ್ಳಬೇಡಿ. ನಮ್ಮ ಕಣ್ಣು ಚೆನ್ನಾಗಿ, ನಿಚ್ಚಳವಾಗಿ ನೋಡುವ ಜಾಗ ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟೇ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಅಲ್ಲಿಂದಿಲ್ಲಿಗೆ ಜಿಗಿಯುತ್ತಲೇ ಇರುತ್ತದೆ. ಕನ್ನಡಿಯಲ್ಲಿ ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ಕಣ್ಣು ಹೊರಳಿದ್ದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ! ಜಿಗಿತದ ಹೊತ್ತಿನ ಕಲಸಿಹೋದ ಚಿತ್ರವನ್ನು ಮಿದುಳು ನಮ್ಮವರೆಗೆ ಬಿಡುವುದಿಲ್ಲ.

ಹಾಗಾದರೆ ಇಂದ್ರಿಯಗಳ ಕೆಲಸ ಏನು? ಕಿಟಕಿ ತೆರೆದಿಟ್ಟರೆ ಲೋಕ ತಾನಾಗಿ ಒಳಗೆ ಬರುತ್ತದೆ ಅಂತ ನಾವು ತಿಳಿದಿದ್ದೇವೆ. ನನಗೆ ಹಾಗನ್ನಿಸುವುದಿಲ್ಲ. ಮಿದುಳು ಮೊದಲೇ ಹೀಗಿರಬೇಕು ಅಂತ ಲೆಕ್ಕ ಹಾಕಿಕೊಂಡಿರುತ್ತದೆ, ಆ ಲೆಕ್ಕ ಎಲ್ಲಿ ತಪ್ಪಿತು ಅನ್ನುವುದನ್ನು ಇಂದ್ರಿಯಗಳು ತಿದ್ದುತ್ತವೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೂ ಒಂದು ಇದೆ ಅಂತ ಕಾಲು ಬಿಟ್ಟು, ನೆಲ ಬಡಿದು, ಎದೆ ಧಸಕ್ಕೆಂದಿದ್ದು ನೆನಪಿದೆಯಾ? ನೆಲ ಗಟ್ಟಿಯಾಗಿಯೇ ಇತ್ತು. ಬಿದ್ದದ್ದು ನಿಮ್ಮ ಲೆಕ್ಕ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದ್ದೂ ಇದಕ್ಕೇ, ನಮ್ಮ ಕೈ ಎಲ್ಲಿ ತಾಗಲಿದೆ ಅಂತ ಮಿದುಳಿಗೆ ಮೊದಲೇ ಗೊತ್ತು.

ಇಂದ್ರಿಯಗಳು ಒಂದರ ಕೆಲಸದಲ್ಲಿ ಇನ್ನೊಂದು ಮೂಗು ತೂರಿಸುವುದೂ ಉಂಟು. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಇಬ್ಬರು ಒಂದು ವಿಡಿಯೋ ಮಾಡಿದರು. ಬಾಯಿ 'ಗ' ಅನ್ನುವ ಚಿತ್ರ, ಅದಕ್ಕೆ ಕೂಡಿಸಿದ್ದು 'ಬ' ಅನ್ನುವ ಧ್ವನಿ. ನೋಡಿದವರಲ್ಲಿ ಹೆಚ್ಚಿನವರು ಕೇಳಿಸಿಕೊಂಡದ್ದು 'ದ'. ಕಣ್ಣು ಮುಚ್ಚಿದರೆ 'ಬ', ತೆರೆದರೆ 'ದ'. ಗುಟ್ಟು ಗೊತ್ತಿದ್ದೂ ತಪ್ಪಿಸಿಕೊಳ್ಳಲು ಆಗುವುದಿಲ್ಲ, ನನ್ನ ಹಲ್ಲಿನ ಹಾಗೆ.

ಇವೆಲ್ಲ ಒಟ್ಟಿಗೆ ಬಾಳುವುದು ಹುಟ್ಟಿನಿಂದಲೇ ಬಂದದ್ದೋ, ಕಲಿತದ್ದೋ? 1688ರಲ್ಲಿ ಡಬ್ಲಿನ್‌ನ ವಿಲಿಯಂ ಮಾಲಿನೊ, ತತ್ವಜ್ಞಾನಿ ಜಾನ್ ಲಾಕ್‌ಗೆ ಒಂದು ಪ್ರಶ್ನೆ ಬರೆದು ಕಳಿಸಿದ. ಮಾಲಿನೊನ ಹೆಂಡತಿಗೆ ಮದುವೆಯಾದ ಸ್ವಲ್ಪ ದಿನಕ್ಕೇ ದೃಷ್ಟಿ ಹೋಗಿತ್ತು, ಪ್ರಶ್ನೆ ಅಲ್ಲಿಂದಲೇ ಹುಟ್ಟಿರಬೇಕು ಅನ್ನಿಸುತ್ತದೆ ನನಗೆ. ಹುಟ್ಟು ಕುರುಡನೊಬ್ಬ ಗುಂಡು ಯಾವುದು, ಘನ ಯಾವುದು ಅಂತ ಮುಟ್ಟಿ ಚೆನ್ನಾಗಿ ಬಲ್ಲ. ಅವನಿಗೆ ಇದ್ದಕ್ಕಿದ್ದಂತೆ ಕಣ್ಣು ಬಂದರೆ, ಮುಟ್ಟದೆ ಬರೀ ನೋಡಿ ಹೇಳಬಲ್ಲನೇ? ಆಗದು ಅಂದ ಮಾಲಿನೊ. ಲಾಕ್ ಕೂಡ ಆಗದು ಅಂತಲೇ ಅಂದ. ಆದರೆ ಪರೀಕ್ಷೆ ಮಾಡುವುದು ಹೇಗೆ? ಹುಟ್ಟು ಕುರುಡುತನ ಗುಣವಾಗಬೇಕು, ಮಾತಾಡಿ ಉತ್ತರ ಹೇಳುವಷ್ಟು ದೊಡ್ಡವರಾದ ಮೇಲೆ ಗುಣವಾಗಬೇಕು. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಅದಕ್ಕೆ ಮೂರು ಶತಮಾನ ಹಿಡಿಯಿತು. ಭಾರತದಲ್ಲಿ ನರವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಅಂತ ಒಂದು ಯೋಜನೆ ಇದೆ, ಕುರುಡು ಮಕ್ಕಳಿಗೆ ಚಿಕಿತ್ಸೆ ಕೊಡಿಸುವುದು ಅದರ ಕೆಲಸ. ಅದರ ಮೂಲಕ ಕಣ್ಣಿನ ಆಪರೇಷನ್ ಆದ, 8ರಿಂದ 17 ವರ್ಷದ ಐದು ಮಕ್ಕಳನ್ನು ಪರೀಕ್ಷಿಸಿದರು, 2011ರಲ್ಲಿ ಫಲಿತಾಂಶ ಬಂತು. ಮಕ್ಕಳ ಕೈಗೆ ಒಂದು ಆಟಿಕೆ ಬ್ಲಾಕ್ ಕೊಟ್ಟು, ಆಮೇಲೆ ಎರಡನ್ನು ತೋರಿಸಿ, ನೀನು ಮುಟ್ಟಿದ್ದು ಯಾವುದು ಅಂತ ಕೇಳುವುದು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸಿದರು. ನೋಡಿದ್ದನ್ನು ಮತ್ತೆ ನೋಡಿ ಗುರುತಿಸಿದರು. ಮುಟ್ಟಿದ್ದನ್ನು ನೋಡಿ ಗುರುತಿಸುವಾಗ ಮಾತ್ರ ಅಂದಾಜಿಗೆ ಗುಂಡು ಹೊಡೆದಂತಾಯಿತು. ಕಣ್ಣು ಕಾಣುತ್ತಿತ್ತು, ಕೈಗೂ ಗೊತ್ತಿತ್ತು, ಆದರೆ ಇವೆರಡಕ್ಕೂ ಪರಸ್ಪರ ಪರಿಚಯವೇ ಇರಲಿಲ್ಲ.

ಮಾಲಿನೊ ಗೆದ್ದ, ಸರಿ. ಆದರೆ ಅವನ ಪ್ರಶ್ನೆಯಲ್ಲಿ ಇಲ್ಲದ ಒಂದು ಸಂಗತಿ ಆಮೇಲೆ ನಡೆಯಿತು. ಕೆಲವೇ ದಿನ ಬಿಟ್ಟು ಆ ಮಕ್ಕಳಲ್ಲಿ ಕೆಲವರನ್ನು ಮತ್ತೆ ಕೇಳಿದಾಗ ಅವರು ಹೆಚ್ಚಿನ ಸಲ ಸರಿಯಾಗಿ ಹೇಳಿದರು. ಯಾರೂ ಕೂರಿಸಿ ಪಾಠ ಮಾಡಿರಲಿಲ್ಲ. ವಸ್ತುಗಳನ್ನು ಎತ್ತುತ್ತಾ, ಇಡುತ್ತಾ, ನೋಡುತ್ತಾ ಇದ್ದರು, ಅಷ್ಟೇ.

ಹಾಂ, ಹಲ್ಲು ಏನಾಯಿತು ಅಂತ ಆಮೇಲೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಡಾಕ್ಟರು ತುಂಬಿಸಿದರು. ಎದ್ದು ಕೂತ ತಕ್ಷಣ ನಾಲಿಗೆ ಅಲ್ಲಿಗೆ ಓಡಿತು, ಈ ಸಲ ಅದಕ್ಕೆ ಸಿಕ್ಕಿದ್ದು ಒಂದು ಗುಡ್ಡ. ಜಾಸ್ತಿ ತುಂಬಿದ್ದೀರಿ ಅಂತ ತಕರಾರು ತೆಗೆದೆ. ಅವರು ಮಾತಾಡದೆ ಕನ್ನಡಿ ಕೈಗೆ ಕೊಟ್ಟರು. ಸಮತಟ್ಟಾಗಿತ್ತು. ಒಂದು ವಾರ ಗುಡ್ಡ ಸವರುತ್ತಿದ್ದ ನಾಲಿಗೆ ಆಮೇಲೆ ಯಾವಾಗ ಸುಮ್ಮನಾಯಿತೋ, ನನಗೆ ಗೊತ್ತೇ ಆಗಲಿಲ್ಲ.

ಇನ್ನು ಪ್ರಶ್ನೆ ಕೇಳಿ. ಹೆಬ್ಬೆರಳು ಹುಡುಕುತ್ತಾ ಇರುವವರು ಕೈ ಇಳಿಸಬಹುದು.