ಮೇನ್ಸ್‌ಗೆ ಇವತ್ತಿನಿಂದಲೇ ಬರೆಯಿರಿ

ಗೆಳೆಯರೇ, ಧಾರವಾಡದ ರೂಮುಗಳಲ್ಲಿ, ಬೆಂಗಳೂರಿನ ವಿಜಯನಗರದ ಲೈಬ್ರರಿಗಳಲ್ಲಿ ಹಗಲು ರಾತ್ರಿ ಕೂತು ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆಗೆ ಓದುವವರನ್ನು ನೋಡುತ್ತಲೇ ಇದ್ದೇನೆ. ಓದುವುದರಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ಆದರೆ ಬರೆಯುವುದು ತುಂಬಾ ಕಡಿಮೆ. ನನ್ನ ಚಿಂತೆ ಅದೇ.

ಲೆಕ್ಕ ನೋಡಿ. ಪ್ರಿಲಿಮ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ, ಎರಡು ಪತ್ರಿಕೆ, 400 ಅಂಕ. ಆ ಅಂಕ ರ‍್ಯಾಂಕಿಗೆ ಸೇರುವುದೇ ಇಲ್ಲ. ಮೇನ್ಸ್‌ನಲ್ಲಿ, ಅಂದರೆ ಮುಖ್ಯ ಲಿಖಿತ ಪರೀಕ್ಷೆಯಲ್ಲಿ, ಪ್ರಬಂಧಕ್ಕೆ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗೆ ತಲಾ 250. ಒಟ್ಟು 1250. 2024ರ ನೇಮಕಾತಿಯಲ್ಲಿ ಸಂದರ್ಶನಕ್ಕೆ ಬರೀ 25. ಹಾಗಿದ್ದ ಮೇಲೆ ಕೆಲಸ ಕೊಡಿಸುವುದು ನಿಮ್ಮ ಉತ್ತರ ಪತ್ರಿಕೆಯೇ ಅಲ್ವಾ? ಆದರೂ ಪ್ರಿಲಿಮ್ಸ್ ರಿಸಲ್ಟ್ ಬರುವವರೆಗೆ ಪೆನ್ನು ಮುಟ್ಟದವರೇ ಜಾಸ್ತಿ.

ಪ್ರಾದೇಶಿಕ ಅಸಮತೋಲನದ ಮೇಲೆ ಪ್ರಶ್ನೆ ಬಂತು ಅಂತಿಟ್ಟುಕೊಳ್ಳಿ. "ಕಲ್ಯಾಣ ಕರ್ನಾಟಕ ಬಹಳ ಹಿಂದುಳಿದಿದೆ, ಸರ್ಕಾರ ಹೆಚ್ಚಿನ ಗಮನ ಹರಿಸಬೇಕು" ಅಂತ ಒಬ್ಬರು ಬರೆಯುತ್ತಾರೆ. ತಪ್ಪೇನಿಲ್ಲ, ಆದರೆ ಅದನ್ನು ಯಾರು ಬೇಕಾದರೂ ಬರೆಯಬಹುದು. ಇನ್ನೊಬ್ಬರು ಹೀಗೆ ಶುರು ಮಾಡುತ್ತಾರೆ: "2002ರ ನಂಜುಂಡಪ್ಪ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು." ಅಲ್ಲಿಂದ 2012ರ ಸಂವಿಧಾನ ತಿದ್ದುಪಡಿಗೆ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371ಜೆ ವಿಧಿಗೆ ಬರುತ್ತಾರೆ. ಆಮೇಲೆ ಒಂದು ಪ್ರಶ್ನೆ ಎತ್ತುತ್ತಾರೆ: ವರದಿ ತಾಲ್ಲೂಕನ್ನು ಹಿಡಿದು ಅಳೆಯಿತು, 371ಜೆ ಇಡೀ ಪ್ರದೇಶಕ್ಕೆ ಅನ್ವಯಿಸುತ್ತದೆ, ಹಾಗಾದರೆ ಹಳೇ ಮೈಸೂರಿನ ಬಡ ತಾಲ್ಲೂಕುಗಳ ಗತಿಯೇನು? ಮೌಲ್ಯಮಾಪಕರು ಅಲ್ಲಿ ನಿಂತು ಓದುತ್ತಾರೆ. ಈ ಮಾಹಿತಿ ನಿಮ್ಮೆಲ್ಲರ ನೋಟ್ಸ್‌ನಲ್ಲೂ ಇದೆ. ಅದನ್ನು ಒಂದಕ್ಕೊಂದು ಜೋಡಿಸುವ ಅಭ್ಯಾಸ ಮಾತ್ರ ಬರೆದೇ ಬರಬೇಕು.

ಕಡ್ಡಾಯ ಕನ್ನಡ, ಇಂಗ್ಲಿಷ್ ಪತ್ರಿಕೆಗಳನ್ನು ಹಗುರವಾಗಿ ತಗೋಬೇಡಿ. ಪಾಸಾದರೆ ಸಾಕು, ಆದರೆ ಪಾಸಾಗಲೇಬೇಕು.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. 2024ರ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ ನಡೆಸಬೇಕಾಯಿತು. ಅಲ್ಲೂ ಅನುವಾದದ ದೂರು ತಪ್ಪಲಿಲ್ಲ. ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡದಲ್ಲಿ ಓದಿದ ಮಕ್ಕಳೇ ಒದ್ದಾಡಬೇಕಾದದ್ದು ಅನ್ಯಾಯ. ಅದನ್ನು ಜೋರಾಗಿಯೇ ಹೇಳಬೇಕು. ಆದರೆ ಹಾಲ್‌ನಲ್ಲಿ ಕೂತಾಗ ವಾಕ್ಯ ಎಡವಟ್ಟಾಗಿ ಕಂಡರೆ, ಪಕ್ಕದ ಇಂಗ್ಲಿಷ್ ಪ್ರಶ್ನೆಯನ್ನೂ ಒಮ್ಮೆ ಓದಿ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತದೆ. ಸುಮ್ನೆ ಊಹೆ ಮಾಡಿ ಗುರುತು ಹಾಕಬೇಡಿ.

ಈಗ ಒಂದು ಕೆಲಸ ಕೊಡುತ್ತೇನೆ. ಸರ್ಕಾರಿ ಸೇವೆ ನಿಗದಿತ ದಿನದೊಳಗೆ ಸಿಗಬೇಕು ಅನ್ನುವ ಸಕಾಲ ಕಾಯ್ದೆ 2011ರದು. ಅದರಿಂದ ನಿಮ್ಮ ತಾಲ್ಲೂಕು ಕಚೇರಿಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ? ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ನೀವೇ ಅಲ್ಲಿ ಹೋಗಿ ನಿಂತವರು, ಹೇಳಲು ವಿಷಯ ಇದ್ದೇ ಇದೆ. ಒಂದೂವರೆ ಪುಟ ಕೈಯಲ್ಲಿ ಬರೆಯಿರಿ. ರೂಮ್‌ಮೇಟ್‌ಗೆ ಕೊಟ್ಟು, ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆಯಲು ಹೇಳಿ. ಆ ಸಾಲುಗಳನ್ನು ಮಾತ್ರ ತಿದ್ದಿ ಮತ್ತೆ ಬರೆಯಿರಿ.