ಮನೆಯಲ್ಲಿ ಆಡಲಾಗದ ಮಾತು

ಆತ್ಮೀಯ ಸಭಿಕರೇ, ಸಾಲುಸಾಲು ಚಿತ್ರಗಳ ಮೂಲಕ ಕಥೆ ಹೇಳುವ ಗ್ರಾಫಿಕ್ ಕಾದಂಬರಿಯ ಪರಿಚಯ ಈ ಸಭೆಗೆ ಬೇಕಿಲ್ಲವಾದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಹದಿಹರೆಯದವರು ಓದುವ ಅದ್ಭುತಲೋಕದ ಚಿತ್ರಕಾದಂಬರಿಗಳನ್ನು ಹಿರಿಯರು ಪಲಾಯನದ ಸಾಹಿತ್ಯವೆಂದು ಕರೆದಾಗಲೆಲ್ಲ ನನಗೆ ನೋವಾಗುತ್ತದೆ. ಒಳ್ಳೆಯ ಕೃತಿಯಲ್ಲಿ ಮಾಯೆಯು ಓದುಗನನ್ನು ಮನೆಯ ಕಡೆಗೇ ತಿರುಗಿಸುತ್ತದೆ. ತಾಯಿ, ಮಕ್ಕಳು, ಒಡಹುಟ್ಟಿದವರು ಪರಸ್ಪರ ಆಡಲಾರದೆ ಉಳಿಸಿಕೊಂಡ ಮಾತಿಗೆ ಅದು ರೂಪ ಕೊಡುತ್ತದೆ.

ಟ್ರಂಗ್ ಲೆ ನ್ಯುಯೆನ್ ಅವರ ‘ದಿ ಮ್ಯಾಜಿಕ್ ಫಿಶ್’ (2020) ಕೃತಿಯನ್ನೇ ನೋಡೋಣ. ಟಿಯೆನ್ ಎಂಬ ಹುಡುಗ ವಿಯೆಟ್ನಾಮಿನಿಂದ ಅಮೆರಿಕಕ್ಕೆ ಬಂದ ಕುಟುಂಬದವನು. ತಾಯಿಗೆ ಇಂಗ್ಲಿಷ್ ಇನ್ನೂ ಪೂರ್ತಿ ಒಗ್ಗಿಲ್ಲ, ಮಗನಿಗೆ ತಾಯಿಯ ಭಾಷೆ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಇಬ್ಬರೂ ಕಿನ್ನರಕಥೆಗಳನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ತನ್ನ ಒಲವು ಹುಡುಗರ ಕಡೆಗಿದೆ ಎಂದು ತಾಯಿಗೆ ತಿಳಿಸಲು ಮಗ ಹಂಬಲಿಸುತ್ತಾನೆ, ಆದರೆ ಅದಕ್ಕೆ ಅವಳ ಭಾಷೆಯಲ್ಲಿ ಯಾವ ಪದವಿದೆಯೆಂಬುದೇ ಅವನಿಗೆ ಗೊತ್ತಿಲ್ಲ.

ಈ ಕೃತಿಯ ಬಣ್ಣಗಳ ಬಗ್ಗೆ ಎಷ್ಟು ಹೇಳಿದರೂ ನನಗೆ ತೃಪ್ತಿಯಿಲ್ಲ. ಇಂದಿನ ಬದುಕು ಕೆಂಪು ಛಾಯೆಯಲ್ಲಿದೆ, ಹಿಂದಿನ ನೆನಪುಗಳು ಹಳದಿಯಲ್ಲಿವೆ, ಕಿನ್ನರಕಥೆಗಳು ನೀಲಿಯಲ್ಲಿವೆ. ತಾಯಿಯ ಮನಸ್ಸು ಬಿಟ್ಟುಬಂದ ನಾಡಿಗೆ ಹೊರಳಿತೆಂದು ತಿಳಿಸಲು ಗದ್ಯಕ್ಕೆ ಒಂದು ಪರಿಚ್ಛೇದವೇ ಬೇಕಾದೀತು. ಇಲ್ಲಿ ಪುಟದ ಒಂದು ಚಿತ್ರಚೌಕಟ್ಟು ಹಳದಿಗೆ ತಿರುಗಿದರೆ ಸಾಕು. ಆ ಹಳದಿ ಓದುಗನಿಗೆ ಕಾಣುತ್ತದೆ, ಅವಳ ಮಗನಿಗೆ ಕಾಣುವುದಿಲ್ಲ. ಹದಿಮೂರು ಹದಿನಾಲ್ಕರ ವಯಸ್ಸಿನ ಓದುಗರು, ತಮ್ಮ ತಾಯಿಗೂ ತಾವು ಹುಟ್ಟುವ ಮೊದಲಿನದೊಂದು ಬದುಕಿತ್ತೆಂಬುದನ್ನು ಯಾರೂ ಬೋಧಿಸದೆಯೇ ಇಂಥ ಪುಟದಲ್ಲಿ ಕಂಡುಕೊಳ್ಳುತ್ತಾರೆ. ಕೊನೆಯಲ್ಲಿ ತಾಯಿ ಮತ್ಸ್ಯಕನ್ಯೆಯ ಕಥೆಯನ್ನು ಓದುತ್ತ ಅದರ ಮುಕ್ತಾಯವನ್ನು ತಾನೇ ಬದಲಿಸುತ್ತಾಳೆ. ಮಗನಿಗೆ ಅವಳ ಉತ್ತರ ಸಿಗುವುದು ಆ ಬದಲಾದ ಕಥೆಯಲ್ಲಿ.

ಕಾಜು ಕಿಬುಯಿಶಿ ಅವರ ‘ಅಮ್ಯುಲೆಟ್’ ಇದಕ್ಕಿಂತ ಗದ್ದಲದ, ಸಾಹಸಪ್ರಧಾನವಾದ ಕೃತಿ. 2008ರಲ್ಲಿ ಆರಂಭವಾದ ಸರಣಿ 2024ರಲ್ಲಿ 9ನೆಯ ಸಂಪುಟದೊಂದಿಗೆ ಮುಗಿಯಿತು. ಮೊದಲ ಪುಟಗಳಲ್ಲೇ, ಪ್ರಪಾತದ ಅಂಚಿನಲ್ಲಿ ಸಿಕ್ಕಿಕೊಂಡ ಕಾರಿನೊಳಗೆ ಉಳಿದ ತಂದೆಯನ್ನು ಎಮಿಲಿ ಕಣ್ಣೆದುರೇ ಕಳೆದುಕೊಳ್ಳುತ್ತಾಳೆ. ಮುಂದೆ ವಿಚಿತ್ರ ಜೀವಿಯೊಂದು ತಾಯಿಯನ್ನು ಹೊತ್ತೊಯ್ದಾಗ ಅವಳೂ ತಮ್ಮ ನೇವಿನ್‌ನೂ ಬೆನ್ನಟ್ಟಿ ಬೇರೊಂದು ಲೋಕವನ್ನು ಸೇರುತ್ತಾರೆ. ಅಂದು ತಂದೆಯನ್ನು ಹಿಡಿದುಳಿಸಿಕೊಳ್ಳಲಾಗದ ಹುಡುಗಿಗೇ ಲೇಖಕರು ಶಕ್ತಿಯ ಕಲ್ಲನ್ನು, ಅಂದರೆ ಶೀರ್ಷಿಕೆಯಲ್ಲಿರುವ ಮಾಯಾ ತಾಯಿತವನ್ನು, ಕೊಟ್ಟಿರುವುದನ್ನು ಗಮನಿಸಬೇಕು. ಇಲ್ಲಿಯೂ ಮಾಯೆಯ ಮುಖ ಮನೆಯ ಕಡೆಗೇ ಇದೆ.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಸೂಚಿಸುತ್ತಿದ್ದಾರೆ. ನಿಧಿ ಚನಾನಿ ಅವರ ‘ಪಶ್ಮೀನಾ’ (2017) ಕುರಿತು ಒಂದೇ ಮಾತು: ಭಾರತದ ಬಗ್ಗೆ ತಾಯಿ ಬಾಯಿ ಬಿಡದ ಆ ಮನೆಯಲ್ಲಿ, ಮಗಳು ತಾಯಿಯ ಹಳೆಯ ಶಾಲನ್ನು ಹೊದ್ದ ಕ್ಷಣದಲ್ಲಿ ಕಪ್ಪುಬಿಳುಪಿನ ಪುಟಕ್ಕೆ ಬಣ್ಣ ಬರುತ್ತದೆ. ಮೂರೂ ಪುಸ್ತಕಗಳು ಈ ಮೇಜಿನ ಮೇಲಿವೆ. ಹೊರಡುವ ಮುನ್ನ ದಯವಿಟ್ಟು ಆ ಹಳದಿ ಚೌಕಟ್ಟುಗಳನ್ನು ನೋಡಿ.