ಊರವರು ಕೊಂಡ ಚರ್ಚು

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನಲ್ಲಿ ಸೆವರ್ನ್ ಮತ್ತು ಏವನ್ ನದಿಗಳು ಕೂಡುವಲ್ಲಿ ಟ್ಯೂಕ್ಸ್‌ಬರಿ ಎಂಬ ಪುಟ್ಟ ಊರಿದೆ. ಊರು ಚಿಕ್ಕದು, ಚರ್ಚು ಮಾತ್ರ ಭಾರಿ. ಅದು ಹಿಂದೆ ಬೆನೆಡಿಕ್ಟೈನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳ ಮಠಕ್ಕೆ ಸೇರಿತ್ತು.

ಕಟ್ಟಿಸಿದವನು ರಾಬರ್ಟ್ ಫಿಟ್ಸ್‌ಹ್ಯಾಮನ್ ಎಂಬ ಸರದಾರ, ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರವನು. 1102ರಲ್ಲಿ ಕೆಲಸ ಆರಂಭವಾಯಿತು. ಪೂರ್ಣವಾಗುವುದನ್ನು ನೋಡಲು ಅವನು ಉಳಿಯಲಿಲ್ಲ. ಕಲ್ಲು ಬಂದದ್ದು ಫ್ರಾನ್ಸಿನ ಕಾನ್ ಪಟ್ಟಣದಿಂದ, ಕಡಲು ದಾಟಿ, ಸೆವರ್ನ್ ನದಿಯ ಮೇಲೆ. ಒಳಗೆ ಕಾಲಿಟ್ಟರೆ ಸುಮಾರು 30 ಅಡಿ ಎತ್ತರದ ದುಂಡು ಕಂಬಗಳ ಸಾಲು. ಕೆತ್ತನೆಯ ಸೋಂಕಿಲ್ಲ, ಬರೀ ಗಾತ್ರ. ಹದಿನಾಲ್ಕನೆಯ ಶತಮಾನದವರಿಗೆ ಈ ಸರಳತೆ ಸಾಲಲಿಲ್ಲವೇನೋ, ಮರದ ಛಾವಣಿ ತೆಗೆದು ಬಳ್ಳಿಯಂತೆ ಹೆಣೆದ ಕಲ್ಲಿನ ಕಮಾನುಗಳನ್ನು ಹೊದಿಸಿದರು. ನನಗೆ ಕಂಬಗಳೇ ಮೆಚ್ಚು. ನಡುವಿನ 148 ಅಡಿಯ ಗೋಪುರವಂತೂ ನಾರ್ಮನ್ ಶೈಲಿಯ ಗೋಪುರಗಳಲ್ಲೇ ಅತ್ಯಂತ ಭವ್ಯವಾದವುಗಳಲ್ಲೊಂದು.

1471ರ ಮೇ 4ರಂದು ಪಕ್ಕದ ಬಯಲಿನಲ್ಲಿ, ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಕಾದಾಡುತ್ತಿದ್ದ ಎರಡು ರಾಜವಂಶಗಳಲ್ಲಿ ಲ್ಯಾಂಕಾಸ್ಟರ್ ಪಕ್ಷ ಯಾರ್ಕ್ ಪಕ್ಷದ ಎದುರು ಸೋತಿತು. ಸೋತವರು ಆಸರೆ ಬೇಡಿ ಚರ್ಚಿನೊಳಗೆ ಓಡಿ ಬಂದರು. ಯಾರ್ಕ್ ಪಕ್ಷದ ದೊರೆ ನಾಲ್ಕನೆಯ ಎಡ್ವರ್ಡ್ ಅವರನ್ನು ಹೊರಗೆಳೆಸಿದ. ಎರಡು ದಿನಗಳ ಬಳಿಕ ಲ್ಯಾಂಕಾಸ್ಟರ್ ಪಡೆಯ ನಾಯಕ ಸಾಮರ್ಸೆಟ್ ಡ್ಯೂಕನ ತಲೆ ಕಡಿಯಲಾಯಿತು. ಅದೇ ಕದನದಲ್ಲಿ ಸತ್ತ ಲ್ಯಾಂಕಾಸ್ಟರ್ ರಾಜಕುಮಾರನ ಸಮಾಧಿ ಈ ಚರ್ಚಿನಲ್ಲಿಯೇ ಇದೆ. ಗಾಯಕವೃಂದ ಕೂರುವ ಕಡೆ ತಲೆಯೆತ್ತಿ ನೋಡಿದರೆ ಕಮಾನಿನಲ್ಲಿ ಯಾರ್ಕ್ ವಂಶದ ಲಾಂಛನವಾದ ಚಿನ್ನದ ಸೂರ್ಯರು. ಗೆದ್ದವರ ಸೊಕ್ಕಿಗೆ ಮಿತಿಯೇ ಇರಲಿಲ್ಲ!

ಇನ್ನು ಎಂಟನೆಯ ಹೆನ್ರಿಯ ಕಾಲ. ಅವನು ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಪಡಿಸಿಕೊಂಡ. 1540ರ ಜನವರಿಯಲ್ಲಿ ಟ್ಯೂಕ್ಸ್‌ಬರಿಯ ಸರದಿ. ಗ್ಲಾಸ್ಟನ್‌ಬರಿಯಂಥ ಹೆಸರಾಂತ ಮಠವೂ ಹಾಳುಬಿದ್ದ ಆ ದಿನಗಳಲ್ಲಿ ಇಲ್ಲಿಯ ಜನ ಸುಮ್ಮನಿರಲಿಲ್ಲ. ಚರ್ಚಿನ ಮುಂಭಾಗ ಮೊದಲಿನಿಂದಲೂ ನಮ್ಮ ಪ್ರಾರ್ಥನಾಸ್ಥಳ, ಸನ್ಯಾಸಿಗಳ ಭಾಗವನ್ನೂ ನಮಗೇ ಮಾರಿ ಎಂದರು. ದೊರೆಯ ಅಧಿಕಾರಿಗಳು ಕಟ್ಟಿದ ಬೆಲೆ 453 ಪೌಂಡು. ಶಿಲ್ಪಕ್ಕಲ್ಲ, ಪಾವಿತ್ರ್ಯಕ್ಕಲ್ಲ, ಗಂಟೆಗಳ ಲೋಹಕ್ಕೆ, ಛಾವಣಿಯ ಸೀಸಕ್ಕೆ. ಊರವರು ಕೊಂಡರು, ಚರ್ಚು ಉಳಿಯಿತು. ಹಿಂಬದಿಯ ಮೇರಿಮಾತೆಯ ಗುಡಿ ಮಾತ್ರ ನೆಲಸಮವಾಯಿತು.

1870ರ ದಶಕದಲ್ಲಿ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಇದರ ಜೀರ್ಣೋದ್ಧಾರಕ್ಕೆ ಕೈ ಹಾಕಿದಾಗ, ಹಳೆಯದನ್ನು ಅಳಿಸುವ ಈ ಉದ್ಧಾರ ಬೇಡವೆಂದು ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ ಪತ್ರಿಕೆಗೆ ಬರೆದ. ಸ್ಕಾಟನ ಕೆಲಸವೇನೂ ನಿಲ್ಲಲಿಲ್ಲ. ಆದರೆ ಆ ಪತ್ರದಿಂದ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘ ಹುಟ್ಟಿತು, ಅದು ಈಗಲೂ ಕೆಲಸ ಮಾಡುತ್ತಿದೆ. ನಮಸ್ಕಾರ.